ಮೊಬೈಲಿಗೆ ಸಿಕ್ಕ ಕಾಗದ, ಕಾನೂನಿಗೆ ಸಿಗಬೇಕಾದರೆ

ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯಂಥ ಊರುಗಳಲ್ಲಿ ಕಂದಾಯ ಇಲಾಖೆಯ ಎಷ್ಟೋ ಕೆಲಸ ಈಗ ಕಚೇರಿಯ ಹೊರಗೇ ಮುಗಿಯುತ್ತದೆ. ಗ್ರಾಮ ಆಡಳಿತ ಅಧಿಕಾರಿ ಹೊಲದ ಬದುವಿನಲ್ಲೋ ಮನೆಯ ಜಗಲಿಯಲ್ಲೋ ನಿಂತು ಮಾಹಿತಿ, ಚಿತ್ರಗಳನ್ನು ಆ್ಯಪ್‌ಗೆ ಏರಿಸುತ್ತಾರೆ. ಅತ್ತ ತಾಲ್ಲೂಕು ಕಚೇರಿಗಳ ಅಭಿಲೇಖಾಲಯದ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಯೋಜನೆ 2024ರಲ್ಲಿ ಆಯ್ದ ತಾಲ್ಲೂಕುಗಳಲ್ಲಿ ಶುರುವಾಗಿ, 2025ರಲ್ಲಿ ರಾಜ್ಯದ ಉಳಿದೆಡೆಗೂ ಹರಡಿತು. ಇಲಿ, ಗೆದ್ದಲು, ಮಳೆನೀರುಗಳಿಂದ ಕಾಗದ ಉಳಿಯಬೇಕಾದರೆ ಇದು ಆಗಲೇಬೇಕಾದ ಕೆಲಸ. ಆದರೆ ಚಿತ್ರ ತೆಗೆದ ಮಾತ್ರಕ್ಕೆ ಕಾಗದದ ಬಲ ಚಿತ್ರಕ್ಕೆ ಬರುವುದಿಲ್ಲ. ಯಾವ ಪುಟದಿಂದ, ಯಾರು, ಯಾವಾಗ ತೆಗೆದರು ಎಂಬುದಕ್ಕೆ ಉತ್ತರ ಕೊಡುವವರು ಇದ್ದಾಗ ಮಾತ್ರ ಆ ಚಿತ್ರ ನಾಗರಿಕನ ಹಕ್ಕನ್ನು ಕಾಯುತ್ತದೆ. ಈ ಉತ್ತರವನ್ನು ಕೇಳುವುದಕ್ಕೆ ಕಾನೂನು ನಮಗೆ ಸಾಕಷ್ಟು ದಾರಿಗಳನ್ನು ಕೊಟ್ಟಿದೆ.

ಮೊದಲು ಪುರಾವೆಯ ಮಾತು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 4ನೇ ಕಲಮು ವಿದ್ಯುನ್ಮಾನ ದಾಖಲೆಗೆ ಮಾನ್ಯತೆ ಕೊಟ್ಟಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 61ನೇ ಕಲಮು, ದಾಖಲೆ ವಿದ್ಯುನ್ಮಾನ ರೂಪದಲ್ಲಿದೆ ಎಂಬ ಒಂದೇ ಕಾರಣಕ್ಕೆ ಅದನ್ನು ತಳ್ಳಿಹಾಕುವಂತಿಲ್ಲ ಎನ್ನುತ್ತದೆ. ಇಷ್ಟನ್ನೇ ಓದಿ ಮೊಬೈಲಿನ ಫೋಟೋ ಸಾಕು ಎಂದು ನಂಬುವವರಿದ್ದಾರೆ. ಹಳೆಯ ಸಾಗುವಳಿ ಚೀಟಿಯ ಫೋಟೋ ಮಾತ್ರ ಕೈಯಲ್ಲಿದ್ದವರು ನ್ಯಾಯಾಲಯದಲ್ಲಿ ಎರಡು ತಡೆಗಳನ್ನು ದಾಟಬೇಕು. ಮೂಲಪತ್ರ ಏಕಿಲ್ಲ, ಕಳೆದುಹೋಯಿತೇ, ಎದುರಾಳಿಯ ವಶದಲ್ಲಿದೆಯೇ ಎಂಬುದನ್ನು 60ನೇ ಕಲಮಿನಂತೆ ತೋರಿಸಿದ ಮೇಲಷ್ಟೇ ಪ್ರತಿ ಒಳಗೆ ಬರುತ್ತದೆ. ಆ ಪ್ರತಿ ವಿದ್ಯುನ್ಮಾನ ರೂಪದಲ್ಲಿರುವುದರಿಂದ 63ನೇ ಕಲಮಿನ ಪ್ರಮಾಣಪತ್ರವೂ ಬೇಕು. ಸಾಧನದ ವಿವರ, ಕಡತ ಬದಲಾಗಿಲ್ಲ ಎಂದು ತೋರಿಸುವ ಹ್ಯಾಶ್ ಮೌಲ್ಯ, ತಜ್ಞರ ಸಹಿ ಅದರಲ್ಲಿರಬೇಕು. ಹಳೆಯ ಸಾಕ್ಷ್ಯ ಕಾಯ್ದೆಯಡಿ ಇಂಥ ಪ್ರಮಾಣಪತ್ರ ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2020ರ ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ಪ್ರಕರಣದಲ್ಲಿ ಹೇಳಿದೆ. ಇಷ್ಟೆಲ್ಲ ತಾಪತ್ರಯವನ್ನು ತಪ್ಪಿಸುವ ನೇರ ದಾರಿ ದೃಢೀಕೃತ ನಕಲು. ಸಾರ್ವಜನಿಕ ದಾಖಲೆಯನ್ನು ನೋಡುವ ಹಕ್ಕುಳ್ಳವರು ಕೇಳಿದಾಗ, ಶುಲ್ಕ ಪಡೆದು, ಸಹಿ, ದಿನಾಂಕ, ಹುದ್ದೆಗಳೊಂದಿಗೆ ನಕಲು ಕೊಡುವುದು 75ನೇ ಕಲಮಿನಂತೆ ಅಧಿಕಾರಿಯ ಕರ್ತವ್ಯ. ಡಿಜಿಲಾಕರ್‌ನಲ್ಲೂ ಇದೇ ಭೇದ ಇದೆ: ಇಲಾಖೆಯೇ ಅಲ್ಲಿಗೆ ನೀಡಿದ ಪತ್ರ ಮೂಲಕ್ಕೆ ಸಮಾನ, ನಾವೇ ಸ್ಕ್ಯಾನ್ ಮಾಡಿ ಏರಿಸಿದ್ದಕ್ಕೆ ಆ ಸ್ಥಾನವಿಲ್ಲ.

ಕಾಗದವನ್ನು ಕೈಬಿಡಬಾರದು ಎನ್ನುವುದಕ್ಕೆ ಇನ್ನೂ ಗಟ್ಟಿಯಾದ ಕಾರಣ ಕರ್ನಾಟಕದ ಅನುಭವದಲ್ಲೇ ಇದೆ. ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಹೋದವು. ಕೈಬರಹದ ಪಹಣಿಗೆ ಕೊಡುತ್ತಿದ್ದ ಲಂಚ, ಮಾಡುತ್ತಿದ್ದ ಅಲೆದಾಟ ಎರಡೂ ತಗ್ಗಿದವು. ಜೊತೆಗೆ ಹೆಸರು, ವಿಸ್ತೀರ್ಣ, ಸರ್ವೆ ನಂಬರುಗಳ ತಪ್ಪುಗಳೂ ಗಣಕದೊಳಗೆ ಸೇರಿಕೊಂಡವು. 1964ರ ಭೂಕಂದಾಯ ಕಾಯ್ದೆಯ 133ನೇ ಕಲಮಿನ ಪ್ರಕಾರ ಹಕ್ಕುದಾಖಲೆಯ ನಮೂದು ತಪ್ಪೆಂದು ರುಜುವಾತಾಗುವವರೆಗೂ ಸರಿಯೆಂದೇ ಭಾವಿಸಲಾಗುತ್ತದೆ. ಎರಡು ಎಕರೆ ಒಂದು ಎಕರೆಯೆಂದು ದಾಖಲಾಗಿದ್ದರೆ, ಅದು ತಪ್ಪೆಂದು ತೋರಿಸುವ ಹೊಣೆ ರೈತನದು. ಹಾಗೆ ತೋರಿಸಲು ಬೇಕಾಗುವುದು ಹಳೆಯ ಕೈಬರಹದ ಪಹಣಿ, ಮ್ಯುಟೇಶನ್ ವಹಿ, ಮಂಜೂರಾತಿ ಕಡತ. ದರಖಾಸ್ತು ಜಮೀನಿನ ಪೋಡಿ, ದುರಸ್ತಿಯಾಗದೆ ವರ್ಷಗಟ್ಟಲೆ ನಿಂತವರಿಗೆ ಈ ಕಡತದ ಬೆಲೆ ಗೊತ್ತು. ಆದ್ದರಿಂದ ಮೂಲಪತ್ರವನ್ನು ಯಾರ ಕೈಗೂ ಬಿಟ್ಟುಕೊಡಬಾರದು. ತೋರಿಸಿ, ಸ್ಕ್ಯಾನ್ ಮಾಡಿಸಿ, ಹಿಂದಕ್ಕೆ ಪಡೆಯಬೇಕು. ಕಚೇರಿಗೆ ಒಪ್ಪಿಸಲೇಬೇಕಾದರೆ ಪುಟಗಳ ಸಂಖ್ಯೆ ಬರೆದ ಸ್ವೀಕೃತಿ ಕೈಗೆ ಬಂದ ಮೇಲೆ ಒಪ್ಪಿಸಬೇಕು.

ಇದಕ್ಕೆ ಬರುವ ಮೊದಲ ಆಕ್ಷೇಪ, ಬಿಸಿಲಲ್ಲಿ ತಿರುಗುವ ಗ್ರಾಮ ಆಡಳಿತ ಅಧಿಕಾರಿಗೆ ಸ್ವೀಕೃತಿ ಬರೆದುಕೊಡುವುದೂ ಒಂದು ಹೊರೆ ಎಂಬುದು. ಹೊರೆ ಇರುವುದು ನಿಜ. ಒಂದಲ್ಲ, ಹಲವು ಆ್ಯಪ್‌ಗಳಲ್ಲಿ ಕೆಲಸ ಮಾಡಬೇಕು, ಅದಕ್ಕೆ ತಕ್ಕ ಸೌಲಭ್ಯವಿಲ್ಲ ಎಂದು ಅವರು 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯದಾದ್ಯಂತ ಮುಷ್ಕರ ಹೂಡಿದ್ದರು. ಅವರ ಬೇಡಿಕೆಯೂ ನಾಗರಿಕರ ಹಿತವೂ ಒಂದೇ ಕಡೆಗಿವೆ ಎಂದೇ ನನ್ನ ಅಭಿಪ್ರಾಯ. ಸರಿಯಾದ ಸಾಧನವಿಲ್ಲದೆ ತೆಗೆದ ಮಸುಕು ಚಿತ್ರದ ಹೊಣೆ ನಾಳೆ ಆ ಅಧಿಕಾರಿಯ ತಲೆಗೇ ಬರುತ್ತದೆ. ಸ್ವೀಕೃತಿ ಇದ್ದರೆ ಇಬ್ಬರಿಗೂ ರಕ್ಷಣೆ. ಸೇವೆ ಸಕಾಲ ಕಾಯ್ದೆಯ ಪಟ್ಟಿಯಲ್ಲಿದ್ದರೆ ಸ್ವೀಕೃತಿಗಾಗಿ ಜಗಳವೂ ಬೇಕಿಲ್ಲ. 15 ಅಂಕಿಗಳ ಸಕಾಲ ಸಂಖ್ಯೆ ಕೊಡಲೇಬೇಕು. ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳಬಹುದು. ಮೊತ್ತ ಸಣ್ಣದು, ಆದರೆ ಆ ಸಂಖ್ಯೆ ಅರ್ಜಿ ಯಾವ ದಿನ ಬಂತೆಂಬುದಕ್ಕೆ ಅಲ್ಲಗಳೆಯಲಾಗದ ಗುರುತು.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು: ಕಡತವೇ ಸಿಗುತ್ತಿಲ್ಲ ಎಂದರೆ ಇಷ್ಟೆಲ್ಲ ಹಕ್ಕು ಯಾತಕ್ಕೆ? ಇಲ್ಲಿ ಮಾಹಿತಿ ಹಕ್ಕು ಕಾಯ್ದೆ ನೆರವಿಗೆ ಬರುತ್ತದೆ. ದಾಖಲೆಗಳನ್ನು ಪಟ್ಟಿಮಾಡಿ, ಸೂಚಿ ತಯಾರಿಸಿ, ಗಣಕೀಕರಿಸುವುದು 2005ರಿಂದಲೂ ಅದರ 4ನೇ ಕಲಮಿನಂತೆ ಕಚೇರಿಯ ಕರ್ತವ್ಯ. ಕಡತ ಕಾಣೆಯಾಗಿದೆ ಎಂಬುದು 8ನೇ ಕಲಮಿನ ವಿನಾಯಿತಿಗಳಲ್ಲಿ ಇಲ್ಲ. ಹುಡುಕಿಸಿ, ಸಿಗದಿದ್ದರೆ ವಿಚಾರಣೆ ನಡೆಸಿ ಹೊಣೆ ಗೊತ್ತುಮಾಡಬೇಕು ಎಂದು ದೆಹಲಿ ಹೈಕೋರ್ಟ್ 2013ರ ವಿಶ್ವಾಸ್ ಭಾಂಬುರ್ಕರ್ ಪ್ರಕರಣದಲ್ಲಿ ಹೇಳಿತು. 10 ರೂಪಾಯಿ ಶುಲ್ಕದೊಂದಿಗೆ (ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ) ತಾಲ್ಲೂಕು ಕಚೇರಿಯ ಮಾಹಿತಿ ಅಧಿಕಾರಿಗೆ ಅರ್ಜಿ ಹಾಕಿ ಕಡತವನ್ನು ಕಣ್ಣಾರೆ ನೋಡಲು, ನಕಲು ಪಡೆಯಲು, ಸ್ಕ್ಯಾನ್ ಆಗಿದ್ದರೆ ಆ ರೂಪದಲ್ಲೇ ಪಡೆಯಲು ಕೇಳಬಹುದು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ, 150 ಪದಗಳಿಗೆ ಸೀಮಿತವಾಗಿರಲಿ. ಈ ಭಾಗದವರು ಒಂದು ಸಂಗತಿ ಮರೆಯಬಾರದು. ಚಿಕ್ಕಬಳ್ಳಾಪುರ ಜಿಲ್ಲೆ ಹುಟ್ಟಿದ್ದು 2007ರಲ್ಲಿ. ಅದಕ್ಕೂ ಹಿಂದಿನ ಪತ್ರಗಳಲ್ಲಿ ಕೆಂಚಾರ್ಲಹಳ್ಳಿ ಕೋಲಾರ ಜಿಲ್ಲೆಯ ಊರು. ಅರ್ಜಿಯಲ್ಲಿ ಎರಡೂ ಜಿಲ್ಲೆಗಳ ಹೆಸರು, ಹಳೆಯ ಸರ್ವೆ ನಂಬರು ಬರೆಯಬೇಕು. ಕಡತ ಬೇರೆ ಕಚೇರಿಯಲ್ಲಿದೆ ಎಂದಾದರೆ 6(3)ನೇ ಕಲಮಿನಂತೆ ಅರ್ಜಿಯನ್ನು ಐದು ದಿನದೊಳಗೆ ಅಲ್ಲಿಗೆ ಕಳುಹಿಸುವ ಹೊಣೆ ಅಧಿಕಾರಿಯದು, ಅರ್ಜಿದಾರನನ್ನು ಕೋಲಾರಕ್ಕೆ ಓಡಿಸುವಂತಿಲ್ಲ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗ. ಮ್ಯುಟೇಶನ್ ಆದೇಶವೇ ತಪ್ಪಾಗಿದ್ದರೆ ಮಾಹಿತಿ ಹಕ್ಕಿನಿಂದ ಅದು ಸರಿಹೋಗದು. ಭೂಕಂದಾಯ ಕಾಯ್ದೆಯ 136ನೇ ಕಲಮಿನಂತೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಸಲ್ಲಿಸಬೇಕು. ವಕೀಲರ ಖರ್ಚಿಗೆ ಅಂಜುವ ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರು, ಕಡಿಮೆ ಆದಾಯದವರು 15100ಕ್ಕೆ ಕರೆ ಮಾಡಿಯೋ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿಯೋ ಉಚಿತ ನೆರವು ಕೇಳಬಹುದು. ಹೋಗುವಾಗ ಮೊಬೈಲಿನ ಚಿತ್ರದ ಜೊತೆ ಸ್ವೀಕೃತಿ ಮತ್ತು ದೃಢೀಕೃತ ನಕಲನ್ನೂ ಒಯ್ಯಬೇಕು.