ಹಳೆಯ ಜೀಪು ಕೊಂಡ ಮೊದಲ ತಿಂಗಳು: ಗ್ಯಾರೇಜಿನ ಕೆಲಸ, ಆರ್‌ಟಿಒ ಕೆಲಸ

ಬಳಸಿದ ಫೋರ್ ವೀಲ್ ಡ್ರೈವ್ ವಾಹನ ಕೊಂಡವರು ಮೊದಲು ಹುಡುಕುವುದು ಒಳ್ಳೆಯ ಮೆಕ್ಯಾನಿಕ್‌ನನ್ನು. ಅದು ಸರಿಯೇ. ಆದರೆ ಆ ಮೊದಲ ದುರಸ್ತಿ ಮಾಲೀಕನ ಇಷ್ಟಕ್ಕೆ ಬಿಟ್ಟ ವಿಷಯವಲ್ಲ, ಕಾನೂನು ಹೊರಿಸಿದ ಹೊಣೆ. ಅಪಾಯಕಾರಿ ದೋಷವಿರುವ ವಾಹನವನ್ನು ಸಾರ್ವಜನಿಕ ರಸ್ತೆಯಲ್ಲಿ ಓಡಿಸುವುದು ಅಥವಾ ಓಡಿಸಲು ಬಿಡುವುದು 1988ರ ಮೋಟಾರು ವಾಹನ ಕಾಯ್ದೆಯ 190ನೇ ಕಲಮಿನ ಪ್ರಕಾರ ಅಪರಾಧ. ಗೊತ್ತಿದ್ದ ದೋಷವಷ್ಟೇ ಅಲ್ಲ, ಸಾಧಾರಣ ಎಚ್ಚರಿಕೆಯಿಂದ ನೋಡಿದ್ದರೆ ಗೊತ್ತಾಗಬಹುದಾಗಿದ್ದ ದೋಷವೂ ಇದರೊಳಗೆ ಬರುತ್ತದೆ. ದಂಡ 1,500 ರೂಪಾಯಿವರೆಗೆ. ಆ ದೋಷದಿಂದಲೇ ಅಪಘಾತವಾಗಿ ಯಾರಿಗಾದರೂ ಗಾಯವಾದರೆ ಮೂರು ತಿಂಗಳವರೆಗೆ ಸೆರೆವಾಸ, 5,000 ರೂಪಾಯಿ ದಂಡ ಅಥವಾ ಎರಡೂ. ‘ಮೊನ್ನೆಯಷ್ಟೇ ಕೊಂಡೆ, ಬ್ರೇಕ್ ಹೀಗಿದೆಯೆಂದು ತಿಳಿದಿರಲಿಲ್ಲ’ ಎಂಬ ಮಾತು ಇಲ್ಲಿ ರಕ್ಷಣೆಯಾಗುವುದು ಕಷ್ಟ.

ಕೊಡಗು, ಸಕಲೇಶಪುರ, ಮೂಡಿಗೆರೆಯ ತೋಟದ ದಾರಿಗಳಲ್ಲಿ ದುಡಿದ ಜೀಪಿಗೆ ಸಾಧಾರಣ ಎಚ್ಚರಿಕೆ ಎಂದರೆ ಎಂಜಿನ್ ಆಯಿಲ್ ಬದಲಿಸುವುದಷ್ಟೇ ಅಲ್ಲ. ಬ್ರೇಕ್, ಸ್ಟಿಯರಿಂಗ್ ಕೀಲುಗಳು ಮೊದಲು. ಟೈರಿನ ಗೀರಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆ ಉಳಿದಿದ್ದರೆ ಅದು ರಸ್ತೆಗೆ ಯೋಗ್ಯವಲ್ಲ. ನಾಲ್ಕೂ ಟೈರುಗಳ ಅಳತೆ ಒಂದೇ ಇರಬೇಕು, ಇಲ್ಲದಿದ್ದರೆ ಫೋರ್ ವೀಲ್ ಹಾಕಿದಾಗ ಗೇರುಗಳ ಮೇಲೆ ಒತ್ತಡ ಬೀಳುತ್ತದೆ. ಟ್ರಾನ್ಸ್‌ಫರ್ ಕೇಸ್ ಮತ್ತು ಹಿಂದುಮುಂದಿನ ಎರಡೂ ಡಿಫರೆನ್ಷಿಯಲ್‌ಗಳ ಆಯಿಲ್ ಇಳಿಸಿ ನೋಡಬೇಕು. ಅದು ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದರ್ಥ. ವಾಹನ ಹೊಳೆ ದಾಟಿರಬಹುದು, ಇಲ್ಲವೆ ಸೀಲ್ ಹೋಗಿರಬಹುದು. ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್‌ಗಳಿಗೆ ಗ್ರೀಸ್ ಹೊಡೆಸಿ, ಅವುಗಳ ಸಡಿಲವನ್ನೂ ಪರೀಕ್ಷಿಸಬೇಕು. ಈ ಎಲ್ಲ ಕೆಲಸಕ್ಕೂ ದಿನಾಂಕ, ವಾಹನದ ಸಂಖ್ಯೆ, ಓಡಿದ ಕಿಲೋಮೀಟರ್, ಕಂಡ ದೋಷಗಳು ಬರೆದಿರುವ ಬಿಲ್ಲು ಕೇಳಿ ಪಡೆಯಬೇಕು. ನೂರಿನ್ನೂರು ರೂಪಾಯಿ ಉಳಿಸಲು ಬಿಲ್ಲು ಬೇಡವೆನ್ನುವುದು ದೊಡ್ಡ ತಪ್ಪು. ಮುಂದೆ ವ್ಯಾಜ್ಯವಾದರೆ ವಾಹನ ಕೈಗೆ ಬಂದಾಗ ಹೇಗಿತ್ತು ಎಂಬುದಕ್ಕೆ ಆ ಕಾಗದ ದೊಡ್ಡ ಆಧಾರ.

ಗ್ಯಾರೇಜಿನಲ್ಲಿರುವಾಗಲೇ ಷಾಸಿ ಸಂಖ್ಯೆ, ಎಂಜಿನ್ ಸಂಖ್ಯೆಗಳನ್ನು ಆರ್‌ಸಿಯೊಂದಿಗೆ ಹೋಲಿಸಬೇಕು. ಹಳೆಯ ಜೀಪುಗಳಿಗೆ ಬೇರೆ ಎಂಜಿನ್ ಕೂರಿಸಿರುವುದುಂಟು. ತಯಾರಕರು ನಿಗದಿಪಡಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು 52ನೇ ಕಲಂ ತಡೆಯುತ್ತದೆ. ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ ಎರಡನ್ನೂ 182ಎ ಕಲಂ ಹೇಳುತ್ತದೆ. ಹಿಂದಿನವರು ಹಾಕಿಸಿದ ದೈತ್ಯ ಟೈರು, ಮುಂದಿನ ಕಬ್ಬಿಣದ ಗಾರ್ಡ್ ಚೆಂದ ಕಂಡರೂ ಅದರ ತಲೆನೋವು ಈಗ ಹೊಸ ಮಾಲೀಕರದು.

ಇನ್ನು ಹೆಸರು ವರ್ಗಾವಣೆ. 50ನೇ ಕಲಮಿನ ಪ್ರಕಾರ ಮಾರಿದವರು ರಾಜ್ಯದೊಳಗಿನ ಮಾರಾಟವನ್ನು 14 ದಿನಗಳೊಳಗೆ, ಹೊರರಾಜ್ಯಕ್ಕಾದರೆ 45 ದಿನಗಳೊಳಗೆ ಆರ್‌ಟಿಒಗೆ ತಿಳಿಸಬೇಕು. ಕೊಂಡವರಿಗೆ 30 ದಿನಗಳ ಗಡುವು. ಬೇಕಾದದ್ದು ಫಾರಂ 29 ಮತ್ತು 30. ಸಾಲವಿದ್ದ ವಾಹನಕ್ಕೆ ಅದು ತೀರಿದೆಯೆಂಬ ಫಾರಂ 35. ಬೇರೆ ರಾಜ್ಯದ ವಾಹನಕ್ಕೆ ಅಲ್ಲಿನ ಎನ್‌ಒಸಿ, ಅಂದರೆ ಫಾರಂ 28. ಸರ್ಕಾರಿ ಹರಾಜಿನಲ್ಲಿ ಕೊಂಡ ಜೀಪಿಗೆ ಫಾರಂ 32 ಇದೆ. ನೋಂದಣಿಯಾಗಿ 15 ವರ್ಷ ಸಮೀಪಿಸಿದ್ದರೆ ಫಾರಂ 25ರಲ್ಲಿ ಅರ್ಜಿ ಹಾಕಿ, ವಾಹನವನ್ನು ತಪಾಸಣೆಗೆ ಒಯ್ದು ನೋಂದಣಿ ನವೀಕರಿಸಿಕೊಳ್ಳಬೇಕು. ನವೀಕರಣ ಐದು ವರ್ಷಕ್ಕೆ.

ಸಹಿ ಹಾಕಿದ ಖಾಲಿ ಫಾರಂಗಳ ಜೊತೆ ಬೀಗದಕೈ ಕೊಟ್ಟು ಕೈತೊಳೆದುಕೊಳ್ಳುವ ರೂಢಿ ಅಪಾಯಕಾರಿ. ಮುಖ್ಯವಾಗಿ ಮಾರಿದವರಿಗೆ. ಕೈಯಿಂದ ಕೈಗೆ ಹಲವು ಸಲ ಮಾರಾಟವಾಗಿಯೂ ದಾಖಲೆಯಲ್ಲಿ ಮೊದಲ ಮಾಲೀಕರ ಹೆಸರೇ ಉಳಿದಿದ್ದ ಒಂದು ವಾಹನದ ಅಪಘಾತ ಪ್ರಕರಣದಲ್ಲಿ, ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್, ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ನೀಡಿತು. ಅಪಘಾತಕ್ಕೀಡಾದವರು ಮಾಲೀಕನನ್ನು ಹುಡುಕಿ ಅಲೆಯಬಾರದು ಎಂಬ ಈ ನಿಲುವು ನ್ಯಾಯವಾದದ್ದೇ.

ವಿಮೆಯಲ್ಲಿ ಕೊಂಡವರು ಎಡವುತ್ತಾರೆ. 157ನೇ ಕಲಮಿನಂತೆ ಥರ್ಡ್ ಪಾರ್ಟಿ ವಿಮೆ ಹೊಸ ಮಾಲೀಕರಿಗೆ ತಾನಾಗಿ ವರ್ಗಾವಣೆಯಾದಂತೆ ಭಾವಿಸಲಾಗುತ್ತದೆ. ಆದರೂ 14 ದಿನಗಳೊಳಗೆ ಹೆಸರು ಬದಲಿಸಲು ಕಂಪನಿಗೆ ಅರ್ಜಿ ಕೊಡಬೇಕು. ಸ್ವಂತ ವಾಹನದ ಹಾನಿಯ ವಿಮೆಗೆ ಈ ಅನುಕೂಲ ಅನ್ವಯಿಸದೆಂದು 1995ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅರ್ಜಿ ಕೊಡದಿದ್ದಾಗ ಜೀಪು ಗುಂಡಿಗೆ ಉರುಳಿದರೆ ದುರಸ್ತಿಯ ಖರ್ಚು ಕೈಯಿಂದಲೇ. ನೋ ಕ್ಲೇಮ್ ಬೋನಸ್ ಕೂಡ ಹಳೆಯ ಮಾಲೀಕರ ಜೊತೆಗೇ ಹೋಗುತ್ತದೆ. ಬಿಳಿ ಬೋರ್ಡಿನ ಜೀಪಿನಲ್ಲಿ ಬಾಡಿಗೆಗೆ ಪ್ರವಾಸಿಗರನ್ನು ಬೆಟ್ಟ ಹತ್ತಿಸುವುದಂತೂ ಪರ್ಮಿಟ್ ಇಲ್ಲದ ಅಪರಾಧ, ವಿಮೆಯ ಷರತ್ತಿನ ಉಲ್ಲಂಘನೆಯೂ ಹೌದು.

ಮಾರುವಾಗ ಮುಚ್ಚಿಟ್ಟ ದೋಷ ಗ್ಯಾರೇಜಿನಲ್ಲಿ ಬಯಲಾದರೆ ದಾರಿ ಮಾರಿದವರನ್ನು ನೋಡಿಕೊಂಡು ಬದಲಾಗುತ್ತದೆ. ಖಾಸಗಿ ವ್ಯಕ್ತಿ ಒಮ್ಮೆ ತನ್ನ ವಾಹನ ಮಾರಿದ್ದರೆ ಗ್ರಾಹಕ ಆಯೋಗಕ್ಕೆ ಹೋಗಲಾಗದು. ಕರಾರು ಕಾಯ್ದೆಯ ವಂಚನೆಯ ಕಲಮುಗಳನ್ನು ಹಿಡಿದು ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕು. ಹಳೆಯ ವಾಹನಗಳ ವ್ಯಾಪಾರವನ್ನೇ ಮಾಡುವ ಡೀಲರ್ ಆಗಿದ್ದರೆ, ಸ್ವಂತ ಬಳಕೆಗೆ ಕೊಂಡವರು ಜಿಲ್ಲಾ ಗ್ರಾಹಕ ಆಯೋಗದ ಮೊರೆ ಹೋಗಬಹುದು. ಇಂಥ ಡೀಲರ್‌ಗಳು ನೋಂದಣಿ ಪ್ರಾಧಿಕಾರದಿಂದ ಅಧಿಕೃತ ಪತ್ರ ಪಡೆದಿರಬೇಕೆಂಬ ಕೇಂದ್ರ ನಿಯಮ 2023ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಆಯೋಗಕ್ಕೆ ದೂರನ್ನು ವಕೀಲರಿಲ್ಲದೆಯೂ ಕೊಡಬಹುದು. ಕೊಟ್ಟ ಬೆಲೆ ಐದು ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ದೂರು ಕೊಡಲು ಕಾಲಮಿತಿ ಎರಡು ವರ್ಷ.