ಹೈವೇ ಮೇಲೆ ಎದೆ ಡವಡವ ಅಂದಾಗ

ದೇಗಾಂವದಿಂದ ಕಿತ್ತೂರಿನವರೆಗೆ ಹಾಡು ಕೇಳುತ್ತ ಆರಾಮಾಗಿ ಗಾಡಿ ಹೊಡೆಯುವವರು, ಕಿತ್ತೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 48ಕ್ಕೆ ಹತ್ತಿದ ಕೂಡಲೇ ಬೆವರುವುದುಂಟು. ಬಲಕ್ಕೆ ಡಿವೈಡರ್, ಬೆನ್ನಿಗೆ ಹಾರ್ನ್ ಹೊಡೆಯುವ ಲಾರಿ, ಮುಂದೆ ಎರಡು ಟ್ರೇಲರ್ ಕಟ್ಟಿಕೊಂಡು ಓಲಾಡುವ ಕಬ್ಬಿನ ಟ್ರ್ಯಾಕ್ಟರ್. ಒಮ್ಮೆಲೇ ಎದೆ ಡವಡವ, ಉಸಿರು ಸಾಲದು, ಸ್ಟೇರಿಂಗ್ ಹಿಡಿದ ಬೆರಳು ಜುಮುಜುಮು, ಇನ್ನೇನು ಜೀವ ಹೋಯಿತು ಅನ್ನಿಸುತ್ತದೆ. ಮನೆಯಲ್ಲಿ ಹೇಳಿದರೆ ‘ಗ್ಯಾಸ್ ಆಗಿರಬೇಕು’ ಅನ್ನುತ್ತಾರೆ, ಇಲ್ಲವೇ ದೃಷ್ಟಿ ತೆಗೆಯುತ್ತಾರೆ. ವೈದ್ಯರು ಇದನ್ನು ಪ್ಯಾನಿಕ್ ಅಟ್ಯಾಕ್ ಅನ್ನುತ್ತಾರೆ. ಬಹಳ ಮಂದಿಗೆ ವೇಗದ ಅಂಜಿಕೆಗಿಂತ ನಡುದಾರಿಯಲ್ಲಿ ಸಿಕ್ಕಿಬೀಳುವ ಅಂಜಿಕೆಯೇ ದೊಡ್ಡದು. ನಿಲ್ಲಲು ಜಾಗ ಸಿಗುತ್ತದೆ, ನಿಂತ ಮೇಲೆ ಮತ್ತೆ ಹೊರಡಲೂ ಆಗುತ್ತದೆ ಎಂದು ಮೈಗೆ ರೂಢಿ ಮಾಡಿಸುವುದೇ ಇಲ್ಲಿ ಮುಖ್ಯ ಕೆಲಸ.

ಹಂತ 1: ಮೊದಲು ಡಾಕ್ಟರಿಗೆ ತೋರಿಸಿ

ಮೊದಲ ಸಲ ಹೀಗಾದರೆ ಪ್ಯಾನಿಕ್ ಎಂದು ನೀವೇ ತೀರ್ಮಾನಿಸಬೇಡಿ. ಇಸಿಜಿ, ಸಕ್ಕರೆ, ರಕ್ತದೊತ್ತಡ, ಥೈರಾಯ್ಡ್ ನೋಡಿಸಿ. ಎದೆನೋವು ತೋಳಿಗೋ ದವಡೆಗೋ ಹರಿದರೆ, ತಣ್ಣನೆ ಬೆವರು ಬಂದರೆ, ಕಣ್ಣು ಕತ್ತಲುಗಟ್ಟಿದರೆ 108ಕ್ಕೆ ಫೋನ್ ಮಾಡಿ. ವಯಸ್ಸು ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ ಇದ್ದವರು ಈ ಹಂತವನ್ನು ಹಾರಿಸಲೇಬಾರದು. ವರದಿ ಸರಿ ಬಂದ ಮೇಲೆ ಮುಂದಿನ ಮಾತು.

ಹಂತ 2: ಹೊರಡುವ ಮುಂಚೆ ನಿಲ್ಲುವ ಜಾಗ ಗುರುತು ಹಾಕಿ

ಧಾರವಾಡದ ಕಡೆಗೆ ಹೋಗುವುದಾದರೆ ತೇಗೂರು, ಬೆಳಗಾವಿ ಕಡೆಗಾದರೆ ಎಂ.ಕೆ. ಹುಬ್ಬಳ್ಳಿ, ಹಿರೇಬಾಗೇವಾಡಿ. ನಡುವೆ ಯಾವ ಪೆಟ್ರೋಲ್ ಬಂಕ್, ಯಾವ ಧಾಬಾ, ಸರ್ವಿಸ್ ರಸ್ತೆಗೆ ಎಲ್ಲಿ ಇಳಿಯಬಹುದು ಎಂದು ಬೇರೆಯವರು ಗಾಡಿ ಹೊಡೆಯುವಾಗ ಪಕ್ಕದಲ್ಲಿ ಕೂತು ನೋಡಿಕೊಳ್ಳಿ. ಖಾಲಿ ಹೊಟ್ಟೆಗೆ ಮೇಲಿಂದ ಮೇಲೆ ಚಾ ಕುಡಿದು, ನಿದ್ದೆಗೆಟ್ಟು ಹೊರಡಬೇಡಿ. ನಮ್ಮ ಕಡೆ ಚಾ ಬೇಡ ಅನ್ನುವುದು ಕಷ್ಟ, ಆದರೆ ಎದೆಬಡಿತ ಏರಿಸುವುದರಲ್ಲಿ ಅದರದೂ ಕೈವಾಡವಿದೆ.

ಹಂತ 3: ಶುರುವಾದಾಗ ಎಡಕ್ಕೆ ಬನ್ನಿ

ಗಕ್ಕನೆ ಬ್ರೇಕ್ ಒತ್ತಬೇಡಿ. ಹಿಂದಿನ ಲಾರಿಗೆ ನಿಮ್ಮ ಎದೆಬಡಿತ ಕಾಣುವುದಿಲ್ಲ. ಎಡ ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಆಕ್ಸಿಲರೇಟರ್ ಸಡಿಲಿಸಿ. ಕಿಟಕಿ ಇಳಿಸಿ. ಡಾಂಬರು ಬಿಟ್ಟು ಪೂರ್ತಿ ಕೆಳಗಿಳಿದು ನಿಂತ ಮೇಲೆ ನಾಲ್ಕೂ ಇಂಡಿಕೇಟರ್ ಹಾಕಿ, ಹ್ಯಾಂಡ್ ಬ್ರೇಕ್ ಎಳೆಯಿರಿ. ಇಳಿಯಬೇಕಾದರೆ ಎಡಬಾಗಿಲಿನಿಂದ. ಬೈಕಿನವರು ಸ್ಟ್ಯಾಂಡ್ ಹಾಕಿ ರಸ್ತೆಯಿಂದ ದೂರ ಸರಿಯಿರಿ.

ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸೇತುವೆ ಮೇಲೆ ಶುರುವಾದರೆ? ಅಲ್ಲಿ ನಿಲ್ಲುವಂತಿಲ್ಲ. ಎಡ ಲೇನಿನಲ್ಲೇ ನಿಧಾನವಾಗಿ ದಾಟಿಬಿಡಿ, ಒಂದು ನಿಮಿಷವೂ ಹಿಡಿಯುವುದಿಲ್ಲ. ಇಲ್ಲೇ ಎಚ್ಚರ ತಪ್ಪಿದರೆ ಹೇಗೆ ಎಂಬ ಅಂಜಿಕೆ ಎಲ್ಲರಿಗೂ ಇರುತ್ತದೆ. ರಕ್ತದೊತ್ತಡ ಇಳಿದಾಗ ಸಾಮಾನ್ಯವಾಗಿ ಎಚ್ಚರ ತಪ್ಪುತ್ತದೆ. ಪ್ಯಾನಿಕ್‌ನಲ್ಲಿ ಒತ್ತಡ ಏರಿರುತ್ತದೆ. ಹಾಗಾಗಿ ಈ ಹೊತ್ತಿನಲ್ಲಿ ಎಚ್ಚರ ತಪ್ಪುವುದು ಅಪರೂಪ.

ಪಕ್ಕದಲ್ಲಿ ಕೂತವರಿಗೂ ಒಂದು ಮಾತು. ‘ಏನೂ ಆಗಿಲ್ಲ, ಸುಮ್ಮ ಹೊಡೀರಿ’ ಅಂದರೆ ಗಾಬರಿ ಹೆಚ್ಚುತ್ತದೆ. ‘ಎಡಕ್ಕ ತಗೋರಿ, ಸ್ವಲ್ಪ ನಿಲ್ಲಸೂಣು’ ಅಂದರೆ ಸಾಕು.

ಹಂತ 4: ಉಸಿರು ಬಿಡುವುದನ್ನು ಉದ್ದ ಮಾಡಿ

ಗಾಬರಿಯಲ್ಲಿ ಉಸಿರು ಸಾಲದು ಅನ್ನಿಸಿದರೂ ನಾವು ಎಳೆದುಕೊಳ್ಳುತ್ತಿರುವುದು ಹೆಚ್ಚೇ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಬೆರಳು ಜುಮುಗುಡುತ್ತವೆ, ತಲೆ ಹಗುರಾಗುತ್ತದೆ. ಮೂಗಿನಿಂದ ನಾಲ್ಕು ಎಣಿಸುತ್ತ ಒಳಗೆಳೆದು, ಆರು ಎಣಿಸುತ್ತ ಬಾಯಿಂದ ಬಿಡಿ, ಹೊಟ್ಟೆ ಏರಿಳಿಯಲಿ. ಕಣ್ಣು ತೆರೆದೇ ಇರಲಿ: ಎದುರಿನ ಬೋರ್ಡಿನ ಅಕ್ಷರ ಓದಿ, ಹಾದುಹೋಗುವ ಲಾರಿಗಳ ಬಣ್ಣ ಹೇಳಿಕೊಳ್ಳಿ. ಅಟ್ಯಾಕ್ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟುತ್ತದೆ, ಅರ್ಧ ಗಂಟೆಯೊಳಗೆ ಇಳಿಯುತ್ತದೆ. ‘ಬರಬೇಡ’ ಎಂದು ಅದರ ಜೊತೆ ಜಿದ್ದಿಗೆ ಬಿದ್ದರೆ ಇನ್ನಷ್ಟು ಕಾಡುತ್ತದೆ.

ಹಂತ 5: ಮನೆಗೆ ತಿರುಗುವ ಮುಂಚೆ ಸ್ವಲ್ಪ ಮುಂದೆ ಹೋಗಿ

ಇದೇ ಎಲ್ಲಕ್ಕಿಂತ ಕಷ್ಟದ್ದು, ಜನ ಬಿಟ್ಟುಬಿಡುವುದೂ ಇದನ್ನೇ. ಕೈ ನಡುಕ ಪೂರ್ತಿ ನಿಂತು ತಲೆ ತಿಳಿಯಾಗಿದ್ದರೆ ಮುಂದಿನ ಊರಿನವರೆಗಾದರೂ ಹೋಗಿ. ಆಗದಿದ್ದರೆ ಮನೆಯವರನ್ನು ಕರೆಸಿ. ಗಾಡಿಯೇ ಕೈಕೊಟ್ಟಿದ್ದರೆ ಹೆದ್ದಾರಿಯ ಸಹಾಯವಾಣಿ 1033 ಇದೆ. ಪ್ರತಿ ಸಲವೂ ಅಲ್ಲಿಂದಲೇ ವಾಪಸಾದರೆ ಮನಸ್ಸು ‘ಓಡಿಬಂದೆ, ಅದಕ್ಕೇ ಉಳಿದೆ’ ಎಂದು ನಂಬಿಬಿಡುತ್ತದೆ. ಇವತ್ತು ಹೆದ್ದಾರಿ ಬಿಟ್ಟವರು ನಾಳೆ ಕಿತ್ತೂರಿನ ಸಂತೆಗೂ ಹೋಗಲಾರರು.

ಅಟ್ಯಾಕ್ ಇಲ್ಲದ ದಿನಗಳಲ್ಲಿ ಅಭ್ಯಾಸ ಮಾಡಿ. ಮೊದಲು ದೇಗಾಂವದ ಊರೊಳಗೆ, ಕದಂಬರ ರಾಣಿ ಕಮಲಾದೇವಿ ಕಟ್ಟಿಸಿದ ಕಮಲನಾರಾಯಣ ಗುಡಿಯ ಆಸುಪಾಸು. ಆಮೇಲೆ ಕಿತ್ತೂರು. ಆಮೇಲೆ ಬೆಳಗಿನ ಹೊತ್ತು ತೇಗೂರಿನವರೆಗೆ, ಜೊತೆಗೊಬ್ಬರಿರಲಿ. ಅದೇ ದಾರಿ ಬೇಸರ ಬರುವವರೆಗೆ ಓಡಾಡಿ. ಬೇಸರ ಬಂದರೆ ಅಂಜಿಕೆ ಇಳಿದಿದೆ ಎಂದೇ ಲೆಕ್ಕ. ನಂತರ ಒಬ್ಬರೇ, ನಂತರ ಧಾರವಾಡ. ಕಬ್ಬಿನ ಹಂಗಾಮಿನ ರಾತ್ರಿಗಳನ್ನು ಕೊನೆಗಿಡಿ: ಹಿಂದೆ ರಿಫ್ಲೆಕ್ಟರ್ ಇಲ್ಲದ ಟ್ರೇಲರಿಗೆ ಯಾರಾದರೂ ಅಂಜಬೇಕಾದ್ದೇ.

ಹಂತ 6: ಪದೇ ಪದೇ ಬಂದರೆ ಚಿಕಿತ್ಸೆ

ಟೆಲಿ-ಮಾನಸ್ ಸಹಾಯವಾಣಿ 14416 ಇಡೀ ದಿನ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಧಾರವಾಡದ ಡಿಮ್ಹಾನ್ಸ್ ನಮಗೆ ಹತ್ತಿರದ ದೊಡ್ಡ ಮಾನಸಿಕ ಆರೋಗ್ಯ ಸಂಸ್ಥೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ನೋಡುತ್ತಾರೆ. ಹೋಗುವ ಮುಂಚೆ ವಿಚಾರಿಸಿಕೊಳ್ಳಿ. ಯೋಚನೆಯ ಜಾಡು ತಿದ್ದುವ ಆಪ್ತಸಮಾಲೋಚನೆಯಿಂದ ಬಹಳ ಜನರಿಗೆ ಗುಣ ಸಿಗುತ್ತದೆ. ಮಾತ್ರೆ ಕೊಟ್ಟರೆ ಪರಿಣಾಮಕ್ಕೆ ಕೆಲವು ವಾರ ಬೇಕು, ನಡುವೆ ನಿಲ್ಲಿಸಬೇಡಿ. ಗೆಳೆಯರು ಕೊಟ್ಟ ನಿದ್ದೆ ಮಾತ್ರೆ ನುಂಗಿ ಸ್ಟೇರಿಂಗ್ ಹಿಡಿಯುವುದಂತೂ ಬೇಡವೇ ಬೇಡ. ಡಾಕ್ಟರ್ ಚೀಟಿ ಬರೆಯುವಾಗ ‘ನಾನು ದಿನಾ ಗಾಡಿ ಹೊಡೀತೀನ್ರಿ’ ಎಂದು ಮೊದಲೇ ಹೇಳಿಬಿಡಿ, ಮಂಪರು ತರುವ ಔಷಧಿಯಾದರೆ ಅವರು ಹೊತ್ತನ್ನೋ ಔಷಧಿಯನ್ನೋ ಬದಲಿಸುತ್ತಾರೆ.