ಹೌರಾದಲ್ಲಿ ಹಳೇ ಫಿಯೆಟ್‌ಗಳು ಕಲಿಸಿದ್ದು

ಫಿಯೆಟ್ 1100 ಎಂದರೆ ನಮ್ಮ ಕಡೆ ಹೆಚ್ಚಿನವರಿಗೆ ಡಾಕ್ಟರ ಕಾರು, ಮದುವೆಗೆ ಹೂವು ಕಟ್ಟುತ್ತಿದ್ದ ಕಾರು, ಬಾಂಬೆಯ ಕಪ್ಪು-ಹಳದಿ ಟ್ಯಾಕ್ಸಿ. ಅದರ ಎಂಜಿನ್ನಿನ ಮೂಲ ಹುಡುಕುತ್ತ ಹೋದರೆ ಮಾತ್ರ ಬೇರೆಯದೇ ಲೋಕ ತೆರೆದುಕೊಳ್ಳುತ್ತದೆ. 68 ಮಿ.ಮೀ. ಬೋರ್, 75 ಮಿ.ಮೀ. ಸ್ಟ್ರೋಕ್, 1089 ಸಿ.ಸಿ.: ಈ ಅಳತೆ 1937ರ ಫಿಯೆಟ್ 508ಸಿ ಕಾರಿನದು, ದಾಂತೆ ಜಿಯಾಕೋಸಾ ಅವರ ಕೈಯಿಂದ ಬಂದದ್ದು. ಅದೇ ಅಳತೆ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ ಪದ್ಮಿನಿಯವರೆಗೂ ಉಳಿಯಿತು. ಎಂಜೊ ಫೆರಾರಿ ತಮ್ಮ ಹೆಸರು ಹಾಕದೆ 1940ರಲ್ಲಿ ಕಟ್ಟಿಸಿದ ಮೊದಲ ಕಾರು, ಆಟೊ ಆವಿಯೊ 815, ಈ 1100ರ ಸಿಲಿಂಡರ್ ಹೆಡ್‌ಗಳನ್ನೇ ಎರಡು ಜೋಡಿಸಿಕೊಂಡು ಎಂಟು ಸಿಲಿಂಡರಿನದಾಯಿತು. ಯುದ್ಧ ಮುಗಿದ ಮೇಲೆ ಬಂದ ಚಿಸಿತಾಲಿಯಾ 202ರ ಎಂಜಿನ್ನೂ ಇದೇ, ಹದ ಮಾಡಿ ಶಕ್ತಿ ಏರಿಸಿದ್ದು. ಪಿನಿನ್ ಫರೀನಾ ಮೈಕಟ್ಟಿನ ಆ ಕಾರು ಇವತ್ತು ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿದೆ.

ಆದ್ದರಿಂದ 'ಎಲ್ಲಾ ಒರಿಜಿನಲ್ ಇರಲಿ' ಎನ್ನುವವರ ಪಕ್ಷಕ್ಕೂ 'ಸ್ವಲ್ಪ ಪಿಕಪ್ ಬೇಕು' ಎನ್ನುವವರ ಪಕ್ಷಕ್ಕೂ ಪೂರ್ತಿ ಸೇರಲು ನನಗೆ ಆಗಿಲ್ಲ. ಹೌರಾದ ಬೆಲಿಲಿಯಸ್ ರೋಡಿನ ಆಸುಪಾಸಿನ ಲೇಥ್‌ಗಳ ನಡುವೆ ಹಳೇ ಗಾಡಿಗಳ ಕೆಲಸ ಮಾಡುತ್ತ ಬಂದವನು ನಾನು. ಕೆಳಗಿರುವುದು ನನ್ನ ಕೈಯಲ್ಲಿ ಕೆಟ್ಟ ಗಾಡಿಗಳಿಂದ ಕಲಿತದ್ದು.

1. ಪಾನಾ ಹಿಡಿಯುವ ಮುಂಚೆ ಗಾಡಿಯ ಕತೆ ಕೇಳಿ.

ಇದನ್ನು ಮೊದಲಿಗೆ ಹೇಳುತ್ತಿರುವುದಕ್ಕೆ ಕಾರಣವಿದೆ. ಇದು ಈಗಲೂ ನನ್ನನ್ನು ಕಾಡುವ ತಪ್ಪು. ಅರವತ್ತರ ದಶಕದ ಒಂದು ಫಿಯೆಟ್ ನನ್ನ ಹತ್ತಿರ ಬಂತು. ಎರಡು ಕಾರ್ಬ್ಯುರೇಟರ್, ಕೈಯಿಂದ ಬೆಸುಗೆ ಹಾಕಿ ಮಾಡಿದ ಇನ್‌ಲೆಟ್ ಮ್ಯಾನಿಫೋಲ್ಡ್, ಹಿಂದಿನ ಸೀಟೇ ಇಲ್ಲ, ಡ್ಯಾಶ್‌ಬೋರ್ಡಿನಲ್ಲಿ ಹೆಚ್ಚುವರಿ ಮೀಟರಿಗೆ ಕೊರೆದ ತೂತು. ಯಾರೋ ಹಾಳು ಮಾಡಿಟ್ಟಿದ್ದಾರೆ ಎಂದುಕೊಂಡೆ. ಮಾಲೀಕರಿಗೂ ಹಾಗೇ ಹೇಳಿದೆ. ತಿಂಗಳುಗಟ್ಟಲೆ ಕೂತು ಕಾರ್ಖಾನೆಯಿಂದ ಹೊರಬಿದ್ದ ದಿನದ ಹಾಗೆ ಮಾಡಿದೆ: ಒಂದೇ ಸೋಲೆಕ್ಸ್, ಸರಿಯಾದ ಸೀಟು, ತುಂಬಿ ತಿದ್ದಿದ ಡ್ಯಾಶ್‌ಬೋರ್ಡು. ಬಿಚ್ಚಿದ ಮ್ಯಾನಿಫೋಲ್ಡ್ ಮಲ್ಲಿಕ್ ಬಜಾರಿನ ಗುಜರಿಗೆ ಹೋಯಿತು.

ಗಾಡಿ ಒಪ್ಪಿಸಿದ ಮೇಲೆ ಮಾಲೀಕರ ಮನೆಯಲ್ಲಿ ಹಳೆಯ ಫೋಟೊ ಒಂದು ಸಿಕ್ಕಿತು. ಮದರಾಸಿನ ಹತ್ತಿರದ ಶೋಲಾವರಂ ಏರ್‌ಸ್ಟ್ರಿಪ್. ರನ್‌ವೇ ಮೇಲೆ ಅದೇ ಕಾರು, ಬಾಗಿಲ ಮೇಲೆ ಬಿಳಿ ವೃತ್ತದಲ್ಲಿ ಅಂಕಿ, ಪಕ್ಕದಲ್ಲಿ ಅವರ ತಂದೆ. ತೆರೆದಿಟ್ಟ ಬಾನೆಟ್ಟಿನೊಳಗೆ ನಾನು ತೂಕಕ್ಕೆ ಹಾಕಿದ ಆ ಮ್ಯಾನಿಫೋಲ್ಡ್. ಅವರು ನನಗೆ ಒಂದು ಮಾತೂ ಅನ್ನಲಿಲ್ಲ. ಗುಜರಿ ಅಂಗಡಿಗೆ ಹೋಗಿ ಹುಡುಕಿದೆ, ಅದು ಎಂದೋ ಕೈ ದಾಟಿತ್ತು.

ಅಂದಿನಿಂದ ನನ್ನ ಎಣಿಕೆ ಬದಲಾಗಿದೆ. ಗಾಡಿ ಯೌವನದಲ್ಲಿದ್ದಾಗ, ಓಡಿಸಿದವರೇ ಮಾಡಿಸಿದ ಬದಲಾವಣೆ ಆ ಗಾಡಿಯ ಚರಿತ್ರೆ. ಇವತ್ತು ನಾನು ಮಾಡುವ ಬದಲಾವಣೆಗೂ ಅದಕ್ಕೂ ಬಹಳ ಅಂತರವಿದೆ. ದೊಡ್ಡವರ ಲೋಕದಲ್ಲೂ ಹೀಗೆಯೇ. 2018ರಲ್ಲಿ ಕ್ಯಾಲಿಫೋರ್ನಿಯಾದ ಹರಾಜಿನಲ್ಲಿ ಒಂದು ಫೆರಾರಿ 250 ಜಿಟಿಒ 4.8 ಕೋಟಿ ಡಾಲರಿಗೂ ಮೇಲೆ ಹೋಯಿತು. ಅದರ ಮೈಮೇಲೆ ಇದ್ದದ್ದು 1962ರಲ್ಲಿ ಹುಟ್ಟಿದಾಗಿನ ಬಾಡಿ ಅಲ್ಲ, 1964ರಲ್ಲಿ ಸ್ಕಾಲಿಯೆಟ್ಟಿಯವರು ತೊಡಿಸಿದ ಹೊಸ ಬಾಡಿ. ಅದನ್ನು ಕಿತ್ತು 1962ಕ್ಕೆ ಮರಳಿಸಬೇಕಿತ್ತು ಎಂದು ಯಾರೂ ಹೇಳಿದ್ದು ನಾನು ಕೇಳಿಲ್ಲ.

2. ಕೆತ್ತಿದ ಹೆಡ್ಡು ಮತ್ತೆ ಬೆಳೆಯುವುದಿಲ್ಲ.

ಫಿಯೆಟ್ಟಿಗೆ ಪಿಕಪ್ ಬೇಕೆಂದಾಗ ಹಳೇ ಮಿಸ್ತ್ರಿಗಳು ಮೊದಲು ಹೇಳುವುದೇ ಹೆಡ್ ಕೆತ್ತಿಸಿ ಕಂಪ್ರೆಶನ್ ಏರಿಸುವ ಮಾತು. ಲೆಕ್ಕ ಹಾಕಿ ನೋಡಿ. ಒಂದು ಸಿಲಿಂಡರಿಗೆ 272 ಸಿ.ಸಿ. ಪದ್ಮಿನಿಯ ಕಂಪ್ರೆಶನ್ 7.3. ಅಂದರೆ ಮೇಲೆ ಉಳಿಯುವ ಜಾಗ ಸುಮಾರು 43 ಸಿ.ಸಿ. ಕಂಪ್ರೆಶನ್ 8.5ಕ್ಕೆ ಏರಿಸಬೇಕಾದರೆ ಆ ಜಾಗ 36 ಸಿ.ಸಿ.ಗೆ ಇಳಿಯಬೇಕು. ಒಂದು ಮಿಲಿಮೀಟರ್ ಕೆತ್ತಿದರೆ ಹೆಚ್ಚೆಂದರೆ ಮೂರೂವರೆ ಸಿ.ಸಿ. ಸಿಗುತ್ತದೆ, ಹಾಗಾಗಿ ಎರಡು ಮಿಲಿಮೀಟರ್ ಹೋಗಬೇಕು. ಅಷ್ಟು ಅಲ್ಯೂಮಿನಿಯಂ ತೆಗೆದ ಹೆಡ್ಡು ಬಿಸಿಗೆ ಸೊಟ್ಟಗಾಗುತ್ತದೆ. ಪುಶ್‌ರಾಡ್‌ಗಳು ಅಷ್ಟೇ ಉದ್ದ ಉಳಿದು ರಾಕರ್‌ಗಳ ಕೋನ ಕೆಡುತ್ತದೆ.

ನಾನು ಆ ಲೆಕ್ಕವನ್ನೇ ಹಾಕಿರಲಿಲ್ಲ. ಲೇಥಿನವನು 'ಇನ್ನೂ ಸ್ವಲ್ಪ?' ಎಂದಾಗ ತಲೆಯಾಡಿಸಿದೆ. ಬೆಳಗಿನ ತಂಪಿನಲ್ಲಿ ಕಾರು ಚಿಗರೆಯಂತೆ ಓಡಿತು. ಮೇ ತಿಂಗಳ ಮಧ್ಯಾಹ್ನ ಹೌರಾ ಬ್ರಿಡ್ಜಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ಎಂಜಿನ್ ಟಣಟಣ ಬಡಿಯತೊಡಗಿತು, ಗ್ಯಾಸ್ಕೆಟ್ ಹೋಯಿತು, ನೀರು ಎಣ್ಣೆಗೆ ಸೇರಿತು. ಬೇರೆ ಹೆಡ್ಡು ಹುಡುಕಲು ಹೊರಟಾಗ ಇನ್ನೊಂದು ಸತ್ಯ ಗೊತ್ತಾಯಿತು. ಹಳೇ ಮಾರುಕಟ್ಟೆಯಲ್ಲಿ ನನ್ನ ಕೈಗೆ ಬಂದ ಹೆಡ್ಡುಗಳೆಲ್ಲ ಯಾರೋ ಒಬ್ಬರು ಮೊದಲೇ ಕೆತ್ತಿಸಿದವೇ. ನನ್ನ ಹಾಗೆ ಯೋಚಿಸಿದವರು ನನಗಿಂತ ಮುಂಚೆ ಬೇಕಾದಷ್ಟು ಜನ ಇದ್ದರು. ಈಗ ನಾನು ಹೆಡ್ ಕೆತ್ತಿಸುವುದು ಸೊಟ್ಟಗಾದ ಮೇಲ್ಮೈ ಸಮ ಮಾಡಲು ಮಾತ್ರ, ಅದೂ ಕೂದಲೆಳೆಯಷ್ಟು.

3. ನೆಲ ಕತ್ತರಿಸಬೇಡಿ.

ಸ್ಟೀರಿಂಗ್ ಪಕ್ಕದ ಗೇರ್ ತೆಗೆದು ನೆಲದ ಗೇರ್ ಹಾಕಿಕೊಡಿ ಎಂದು ಕೇಳುವವರು ಈಗಲೂ ಇದ್ದಾರೆ. ಇಟಲಿಯಲ್ಲಿ ನಾರ್ದಿ ಕಂಪನಿ ಇಂಥ ಕಿಟ್ ಮಾರುತ್ತಿತ್ತು, ಆಸೆಗೆ ಆಧಾರವಿದೆ. ಆದರೆ 1953ರಲ್ಲಿ ಬಂದ 1100-103ಕ್ಕೆ ಬೇರೆ ಚಾಸಿ ಇಲ್ಲ. ಮೈಯೇ ಅದರ ಚಾಸಿ. ನೆಲದ ನಡುವಿನ ಉಬ್ಬು ಕತ್ತರಿಸುವುದೆಂದರೆ ಬೆನ್ನೆಲುಬಿಗೇ ಕೈ ಹಾಕಿದಂತೆ. ನಾನು ಕತ್ತರಿಸಿದ ಒಂದು ಗಾಡಿಯ ಬಾಗಿಲುಗಳು ಹೌರಾದ ಮಳೆಗಾಲ ಕಳೆಯುವಷ್ಟರಲ್ಲಿ ಸರಿಯಾಗಿ ಹಾಕಿಕೊಳ್ಳದಾದವು. ಅಂಚುಗಳಲ್ಲಿ ತುಕ್ಕು, ಮಧ್ಯದಲ್ಲಿ ಬಾಗು.

4. ಓಡುವ ಶಕ್ತಿ ಏರಿಸುವ ಮುಂಚೆ ನಿಲ್ಲುವ ಶಕ್ತಿ ನೋಡಿ, ತೆಗೆದ ಎಂಜಿನ್ ಬಿಸಾಡಬೇಡಿ.

ಒಬ್ಬ ಗಿರಾಕಿಗೆ ಪ್ರೀಮಿಯರ್ 118ಎನ್‌ಇ ಕಾರಿನ ನಿಸಾನ್ ಎಂಜಿನ್ ಕೂರಿಸಿಕೊಟ್ಟೆ. 1171 ಸಿ.ಸಿ., ಸುಮಾರು 52 ಕುದುರೆ ಶಕ್ತಿ. ಹಳೆಯದು 40ರ ಆಸುಪಾಸು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಹಾಗೇ ಬಿಟ್ಟಿದ್ದೆ. ಕೋನಾ ಎಕ್ಸ್‌ಪ್ರೆಸ್‌ವೇಯಲ್ಲಿ ಲಾರಿಗಳ ಹಿಂದೆ ಮತ್ತೆ ಮತ್ತೆ ಬ್ರೇಕ್ ಒತ್ತಿ, ಡ್ರಮ್ ಕಾದು, ಪೆಡಲು ಕೆಳಗೆ ಹೋದಾಗ ಪಕ್ಕದ ಸೀಟಿನಲ್ಲಿ ನಾನೇ ಕೂತಿದ್ದೆ. ಫಿಯೆಟ್ಟೇ 1966ರಲ್ಲಿ 1100ಆರ್ ಮಾದರಿಗೆ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಕೊಟ್ಟದ್ದು ಸುಮ್ಮನಲ್ಲ. ಬೋಲ್ಟಿನಲ್ಲಿ ಕೂರುವ, ಬೋಲ್ಟು ಬಿಚ್ಚಿದರೆ ಹಳೆಯದಕ್ಕೆ ಮರಳುವ ಒಳ್ಳೆಯ ಬ್ರೇಕಿನ ಬಗ್ಗೆ ನನಗೆ ಯಾವ ಮಡಿಯೂ ಇಲ್ಲ. ಜೀವ ಮೊದಲು.

ದೊಡ್ಡ ತಪ್ಪು ಇನ್ನೊಂದಿತ್ತು. ತೆಗೆದ 1089 ಎಂಜಿನ್ ಮೂಲೆ ಹಿಡಿದಿದೆ ಎಂದು ಅದನ್ನು ಕರಗಿಸಲು ಕೊಟ್ಟೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳ ನಿಯಮ ತಂದಿತು: ಮೊದಲ ನೋಂದಣಿಗೆ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ನಂತರ 'ವಿಎ'. ಅದಕ್ಕೂ ಮುಂಚೆ, 2019ರ ಜನವರಿಯಲ್ಲೇ, ಕಂಪನಿಯ ಮೂಲ ವಿವರಣೆ ಮೀರಿ ಗಾಡಿ ಬದಲಿಸಕೂಡದು ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ನನ್ನ ಗಿರಾಕಿಯ ಕಾರು ವಯಸ್ಸಿನಲ್ಲಿ ಪಾಸು, ಎಂಜಿನ್ನಿನಲ್ಲಿ ಫೇಲು. ಎಂಜಿನ್ ನಂಬರ್ ಕೊರೆದಿದ್ದ ಆ ಬ್ಲಾಕು ಅಷ್ಟರಲ್ಲಿ ಯಾವುದೋ ಪಂಪಿನ ಮೈಯಾಗಿತ್ತು. ಈಗ ನನ್ನ ಷೆಡ್ಡಿನ ಅಟ್ಟದಲ್ಲಿ ಎಣ್ಣೆ ಸವರಿ ಸುತ್ತಿಟ್ಟ, ಮಾಲೀಕರ ಹೆಸರು ಬರೆದ ಎಂಜಿನ್‌ಗಳಿವೆ. ಜಾಗ ತಿನ್ನುತ್ತವೆ, ತಿನ್ನಲಿ.

5. ಹಳೇ ಪಾರ್ಟನ್ನೇ ಅಚ್ಚಿಗೆ ಇಟ್ಟರೆ ಹೊಸದು ಚಿಕ್ಕದಾಗುತ್ತದೆ.

ಹೌರಾದಲ್ಲಿ ಸಿಗದ ಪಾರ್ಟ್ ಇಲ್ಲ ಎನ್ನುತ್ತಾರೆ; ಮಾಡಿಕೊಡದ ಪಾರ್ಟ್ ಇಲ್ಲ ಎಂದರೆ ಇನ್ನೂ ಸರಿ. ಮರದ ಪ್ಯಾಟರ್ನ್ ಕೆತ್ತುವವರು ಒಂದು ಗಲ್ಲಿ, ಮರಳಿನ ಅಚ್ಚಿಗೆ ಎರಕ ಹೊಯ್ಯುವವರು ಪಕ್ಕದ ಗಲ್ಲಿ, ಲೇಥು, ಶೇಪರ್, ಬಫಿಂಗ್ ಎಲ್ಲ ಕೂಗಳತೆಯಲ್ಲಿ. ಇಲ್ಲಿ ಕೂತು ಈ ಕೆಲಸ ಮಾಡುವುದು ನನ್ನ ಪುಣ್ಯ ಎಂದೇ ತಿಳಿದಿದ್ದೇನೆ.

ಮೊದಲನೇ ಪಾಠದ ಆ ಮ್ಯಾನಿಫೋಲ್ಡಿನ ಋಣ ತೀರಿಸಬೇಕೆಂದು, ಅಂಥದ್ದೇ ಇನ್ನೊಂದು ಎರವಲು ತಂದೆ. ಪ್ಯಾಟರ್ನ್ ಮಾಡಿಸುವ ಖರ್ಚು ಉಳಿಯಲಿ ಎಂದು ಅದನ್ನೇ ನೇರವಾಗಿ ಮರಳಿನಲ್ಲಿ ಒತ್ತಿಸಿದೆ. ಎರಕದ ಮಿಸ್ತ್ರಿ 'ಚೋಟೊ ಹೊಯೆ ಜಾಬೆ' ಎಂದರು, ಚಿಕ್ಕದಾಗಿಬಿಡುತ್ತದೆ ಎಂದು. ಎಷ್ಟು ಮಹಾ ಚಿಕ್ಕದಾದೀತು ಎಂದುಕೊಂಡೆ. ಅಲ್ಯೂಮಿನಿಯಂ ತಣಿಯುವಾಗ ನೂರಕ್ಕೆ 1.3ರಷ್ಟು ಕುಗ್ಗುತ್ತದೆ. ಒಂದು ಅಡಿ ಉದ್ದದ ಮ್ಯಾನಿಫೋಲ್ಡಿಗೆ ಅದು ನಾಲ್ಕು ಮಿಲಿಮೀಟರ್. ಮೊದಲ ಸ್ಟಡ್ಡಿಗೆ ಹಾಕಿದರೆ ಕೊನೆಯ ಸ್ಟಡ್ಡು ತೂತಿನ ಹೊರಗೆ. ತೂತು ಅರೆದು ಅಗಲ ಮಾಡಿ ಹೇಗೋ ಕೂರಿಸಬಹುದಿತ್ತು, ಆದರೆ ಪೋರ್ಟುಗಳೂ ಸರಿದಿದ್ದವು, ಮಿಶ್ರಣ ಹೋಗುವ ದಾರಿಗೇ ಅಡ್ಡ ತುಟಿ. ಆ ಎರಕವನ್ನು ಒಡೆದು ಕುಲುಮೆಗೆ ಹಾಕಿಸಿ, ಮರದ ಪ್ಯಾಟರ್ನ್ ಮಾಡಿಸಿದೆವು. ಪ್ಯಾಟರ್ನ್ ಕೆತ್ತುವವರ ಹತ್ತಿರ ಕುಗ್ಗುವಿಕೆಗೆ ಲೆಕ್ಕ ಸೇರಿಸಿ ಗೀಟು ಹಾಕಿದ ಅಳತೆಪಟ್ಟಿಯೇ ಇರುತ್ತದೆ. ನೋಡಲು ಸಾದಾ ಸ್ಕೇಲಿನಂತೆ, ಆದರೆ ಪ್ರತಿ ಸೆಂಟಿಮೀಟರೂ ಒಂದಿಷ್ಟು ಉದ್ದ. ಅದನ್ನು ಕೈಯಲ್ಲಿ ಹಿಡಿದಾಗ ನನಗೆ ತಲೆಮಾರುಗಳ ವಿದ್ಯೆಯ ಮುಂದೆ ನಿಂತ ಹಾಗಾಯಿತು.

ಹೊಸದಾಗಿ ಎರೆದ ಪಾರ್ಟಿನ ಒಳಮೈಯಲ್ಲಿ ಇಸವಿ ಒತ್ತಿಸುತ್ತೇನೆ. ನಾಳೆ ಯಾರೋ ಅದನ್ನು ಇಟಲಿಯ ಪೀಸು ಎಂದು ಮಾರಬಾರದು.

6. ಕಾಣದ ಬದಲಾವಣೆಗೆ ಹೆದರಬೇಡಿ.

ಪೆಟ್ರೋಲು ಬದಲಾಗಿದೆ. ಸೀಸ 2000ರಲ್ಲೇ ಹೋಯಿತು. 2023ರಿಂದ ನೂರಕ್ಕೆ 20 ಎಥನಾಲ್ ಸೇರಿದ ಪೆಟ್ರೋಲು ಬರತೊಡಗಿದೆ. ಹಳೇ ರಬ್ಬರ್ ಪೈಪು, ಡಯಾಫ್ರಾಮು ಅದಕ್ಕೆ ಮೆತ್ತಗಾಗಿ ಸೋರುತ್ತವೆ. ನಿಂತ ಗಾಡಿಯ ಟ್ಯಾಂಕಿನಲ್ಲಿ ಅದು ನೀರು ಹೀರಿ ತುಕ್ಕು ತರುತ್ತದೆ. ಅರವತ್ತು ವರ್ಷದ ಒರಿಜಿನಲ್ ರಬ್ಬರು ಎಂಬ ಹೆಮ್ಮೆಗೆ ಗಾಡಿ ಸುಟ್ಟುಕೊಳ್ಳುವ ಅರ್ಥವಿಲ್ಲ. ಎಥನಾಲ್ ತಾಳುವ ಪೈಪು ಹಾಕಿ, ಬೇಕಾದರೆ ಮೇಲೆ ಹಳೇ ನಮೂನೆಯ ಬಟ್ಟೆಯ ಕವಚ ಸುತ್ತಿ.

ಕಾಣುವ ಬದಲಾವಣೆಯಲ್ಲಿ ನನಗೆ ಆಗದೇ ಇರುವುದು ಕನ್ನಡಿಯಂಥ ಪೇಂಟು. ಕುರ್ಲಾದಿಂದ ಯಾವ ಫಿಯೆಟ್ಟೂ ಹಾಗೆ ಹೊಳೆಯುತ್ತ ಹೊರಬಂದಿರಲಿಲ್ಲ. 1968ರಿಂದ ಕೋಲ್ಕತಾದಲ್ಲಿ ನಡೆದು ಬಂದಿರುವ ಸ್ಟೇಟ್ಸ್‌ಮನ್ ರ್‍ಯಾಲಿಯಲ್ಲಿ ನನ್ನ ಕಣ್ಣು ಹುಡುಕುವುದು ಸವೆದ ಪೆಡಲಿನ, ಮಾಸಿದ ಸೀಟಿನ ಗಾಡಿಗಳನ್ನು. ಊರಿಗೆ ಹೋದಾಗ ಶ್ರೀರಂಗಪಟ್ಟಣದ ಹತ್ತಿರ ವೀರೇಂದ್ರ ಹೆಗ್ಗಡೆಯವರು ಕಟ್ಟಿಸಿರುವ 'ಪಯಣ' ಮ್ಯೂಸಿಯಂಗೂ ಇದೇ ಕಣ್ಣಿಟ್ಟುಕೊಂಡು ಹೋಗುತ್ತೇನೆ. ಹಳೇ ಸ್ವಿಚ್ಚು ಎಲ್ಲಿತ್ತು, ವೈರಿನ ಬಣ್ಣ ಯಾವುದು ಎಂದು ತಿಳಿಯಲು ಪುಸ್ತಕಕ್ಕಿಂತ ಗಾಡಿಯೇ ವಾಸಿ.

7. ಮಾಡಿದ್ದೆಲ್ಲ ಬರೆದಿಡಿ.

ಕಾರ್ಲೊ ಅಬಾರ್ಥ್ ಫಿಯೆಟ್ 600ಕ್ಕೆ ಬದಲಾವಣೆಯ ಪಾರ್ಟುಗಳನ್ನು ಪೆಟ್ಟಿಗೆಯಲ್ಲಿಟ್ಟು ಮಾರುತ್ತಿದ್ದರು. ನಾನು ಅದನ್ನೇ ತಿರುವುಮುರುವು ಮಾಡುತ್ತೇನೆ: ಗಾಡಿಯಿಂದ ತೆಗೆದ ಪ್ರತಿ ಪಾರ್ಟೂ ಪೆಟ್ಟಿಗೆಗೆ, ಜೊತೆಗೆ ಒಂದು ನೋಟ್‌ಬುಕ್ಕು. ಯಾವ ದಿನ ಏನು ಬಿಚ್ಚಿದೆ, ಯಾಕೆ, ಬದಲಿಗೆ ಏನು ಹಾಕಿದೆ, ಎಲ್ಲಿ ಎರೆಸಿದೆ. ಫೋಟೊ ಅಂಟಿಸುತ್ತೇನೆ. ಗಾಡಿ ಕೈ ಬದಲಾದರೆ ಪೆಟ್ಟಿಗೆ, ಪುಸ್ತಕ ಎರಡೂ ಜೊತೆಗೆ ಹೋಗಬೇಕು ಎಂದು ಮಾಲೀಕರಿಂದ ಮಾತು ತೆಗೆದುಕೊಳ್ಳುತ್ತೇನೆ.

ಶೋಲಾವರಂನ ಆ ಫಿಯೆಟ್ಟು ಈಗ ಮತ್ತೆ ನನ್ನ ಷೆಡ್ಡಿನಲ್ಲಿದೆ. ಮಾಲೀಕರ ಮಗಳು ಅಜ್ಜ ಓಡಿಸಿದ ಹಾಗೇ ಅದನ್ನು ಓಡಿಸಬೇಕೆಂದು ತಂದು ಬಿಟ್ಟಿದ್ದಾಳೆ. ಹೊಸದಾಗಿ ಎರೆದ ಮ್ಯಾನಿಫೋಲ್ಡ್ ಹಾಕಿ ಎರಡು ಕಾರ್ಬ್ಯುರೇಟರ್ ಕೂರಿಸಿದ್ದೇವೆ, ಫೋಟೊ ನೋಡಿಕೊಂಡು. ಡ್ಯಾಶ್‌ಬೋರ್ಡಿನ ತೂತು ಮತ್ತೆ ಕೊರೆಯೋಣವೆ ಎಂದು ಕೇಳಿದಳು. ಬೇಡ ಎಂದೆ. ನಾನು ತುಂಬಿದ್ದೂ ಈಗ ಆ ಗಾಡಿಗೆ ಸೇರಿಹೋಗಿದೆ, ಮೀಟರನ್ನು ಕೆಳಗೆ ಒಂದು ಪಟ್ಟಿ ಕಟ್ಟಿ ತೂಗುಹಾಕೋಣ ಎಂದೆ. ಅವಳಿಗೆ ಇನ್ನೂ ಒಪ್ಪಿಗೆಯಾಗಿಲ್ಲ. ಎರಡೂ ಕಾರ್ಬ್ಯುರೇಟರುಗಳನ್ನು ಒಂದೇ ತಾಳಕ್ಕೆ ತರುವ ಕೆಲಸ ಈ ವಾರದ್ದು, ಮೀಟರಿನ ಮಾತು ಅದು ಮುಗಿದ ಮೇಲೆ.